ಉದ್ಯಮವೀರ ಲಕ್ಷ್ಮಣರಾವ್ ಕಿರ್ಲೋಸ್ಕರ

ಕಿತ್ತೂರ ಚೆನ್ನಮ್ಮನನ್ನೂ ಸಂಗೊಳ್ಳಿ ರಾಯಣ್ಣನನ್ನೂ ಅರಿಯದವರು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಯಾರೂ ಇಲ್ಲ. ಆದರೆ ಕತ್ತಿ ಹಿಡಿಯದೆ, ಕಬ್ಬಿಣದ ನೇಗಿಲಿನಿಂದ ಹೆಸರಾದ ಇನ್ನೊಬ್ಬ ಸಾಹಸಿ ಇದೇ ಜಿಲ್ಲೆಯವರೆಂಬುದು ನನ್ನ ಸಹಪಾಠಿಗಳಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಪದವಿ ಮುಗಿದ ಮೇಲೆ ನೌಕರಿಯೊಂದೇ ದಾರಿಯೆಂದು ನಂಬಿರುವ ನಮಗೆ ಲಕ್ಷ್ಮಣರಾವ್ ಕಿರ್ಲೋಸ್ಕರರ ಜೀವನ ಮತ್ತೊಂದು ದಾರಿಯನ್ನು ತೋರಿಸುತ್ತದೆ. ಆದ್ದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇನೆ.

ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಅವರು ಜನಿಸಿದರು. ಶಾಲೆಯ ಪಾಠಗಳಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. ಚಿತ್ರಕಲೆ ಮತ್ತು ಯಂತ್ರಗಳಲ್ಲಿ ಮಾತ್ರ ಮನಸ್ಸು. ಹಿರಿಯಣ್ಣ ರಾಮುಅಣ್ಣನವರ ಬೆಂಬಲದಿಂದ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕೆಲವು ಬಣ್ಣಗಳ ಭೇದ ತಮ್ಮ ಕಣ್ಣಿಗೆ ತಿಳಿಯದೆಂಬುದು ಅಲ್ಲಿ ಗೊತ್ತಾಯಿತು. ಬಣ್ಣ ಬೇಕಿಲ್ಲದ ಯಂತ್ರರೇಖಾಚಿತ್ರವನ್ನು ಕಲಿತು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅಧ್ಯಾಪಕರಾದರು. ಈ ನಡುವೆ 1888ರಲ್ಲಿ ಬೆಳಗಾವಿಯಲ್ಲಿ ಅಣ್ಣ-ತಮ್ಮಂದಿರ ಸೈಕಲ್ ಅಂಗಡಿ ತಲೆಯೆತ್ತಿತು. ಮುಂದೆ ತಮಗೆ ಸಲ್ಲಬೇಕಾದ ಬಡ್ತಿ ಬೇರೊಬ್ಬರ ಪಾಲಾದಾಗ ಅವರು ನೌಕರಿಯನ್ನು ಬಿಟ್ಟು ಬೆಳಗಾವಿಗೆ ಮರಳಿದರು.

ಅಲ್ಲಿ ಅವರು ಮೊದಲು ಮೇವು ಕತ್ತರಿಸುವ ಯಂತ್ರವನ್ನೂ ಬಳಿಕ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕರಿಕೆ ಬೆಳೆದ ಎರೆಹೊಲವನ್ನು ಆಳವಾಗಿ ಹೊರಳಿಸಲು ಮರದ ನೇಗಿಲಿಗೆ ಸಾಧ್ಯವಿಲ್ಲವೆಂಬುದು ನಮ್ಮ ಹಿರಿಯರ ಅನುಭವವೇ ಆಗಿತ್ತು. ಆದರೂ ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷಗಳೇ ಹಿಡಿದವೆಂದು ಹೇಳುತ್ತಾರೆ. ಲಕ್ಷ್ಮಣರಾಯರು ರೈತನನ್ನು ಹಳಿಯಲಿಲ್ಲ; ನೇಗಿಲನ್ನೇ ತಿದ್ದುತ್ತ ಹೋದರು. ಎತ್ತಿನ ಬಲಕ್ಕೂ ಹೊಲದ ಮಣ್ಣಿಗೂ ಒಗ್ಗಿದಾಗ ನೇಗಿಲು ತಾನಾಗಿಯೇ ಬಾಯಿಂದ ಬಾಯಿಗೆ ಪ್ರಚಾರವಾಯಿತು.

ಕಾರ್ಖಾನೆ ಬೆಳೆಯುತ್ತಿರುವಾಗಲೇ ದೊಡ್ಡ ಸಂಕಟವೊಂದು ಎದುರಾಯಿತು. ಊರಿನ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ಬಿಟ್ಟುಕೊಡಬೇಕೆಂದು ಬೆಳಗಾವಿಯ ನಗರಸಭೆ ಕೇಳಿತು. ಕೈಯಲ್ಲಿ ಕೆಲಸವಿದೆ, ಕೊಳ್ಳುವವರಿದ್ದಾರೆ; ಆದರೆ ನಿಲ್ಲಲು ನೆಲವಿಲ್ಲ! ಆಗ ಕೈಹಿಡಿದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ನೆಲವನ್ನು ಕೊಟ್ಟದ್ದಲ್ಲದೆ ಹಣದ ಸಹಾಯವನ್ನೂ ಮಾಡಿದರು. ಬ್ರಿಟಿಷರ ಮುಲ್ಕಿನ ಉದ್ಯಮಿ ಹೀಗೆ ದೇಶೀ ಸಂಸ್ಥಾನದಲ್ಲಿ ಹೊರಗಿನಿಂದ ಬಂದ ಹೂಡಿಕೆದಾರನಾದ. ಪಾಪಾಸುಕಳ್ಳಿ ಬೆಳೆದು ಹಾವುಗಳು ಹರಿದಾಡುತ್ತಿದ್ದ ಆ ಜಾಗದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳನ್ನು ದಾಟಿ ಮೀರಜ ಸೇರಿ, ಅಲ್ಲಿಂದ ಪುಣೆಯ ಕಡೆ ಹೋಗುವ ರೈಲುಹಾದಿಯಲ್ಲಿ ಆ ನಿಲ್ದಾಣವನ್ನು ಇಂದಿಗೂ ಕಾಣಬಹುದು. ಅಲ್ಲಿ ಕಾರ್ಖಾನೆಯ ಜೊತೆಗೆ ಕಾರ್ಮಿಕರ ಮನೆಗಳೂ ಎದ್ದವು. ಅಸ್ಪೃಶ್ಯತೆಗೆ ಆ ಊರಿನಲ್ಲಿ ಎಡೆಯಿರಲಿಲ್ಲ. ಸೆರೆಮನೆಯಿಂದ ಹೊರಬಂದವರನ್ನು ನಂಬಿ ರಾತ್ರಿಯ ಕಾವಲಿಗೆ ನೇಮಿಸಿದ ಧೈರ್ಯ ಅವರದು.

ಈ ಉದ್ಯಮ ಕಾಯಿದೆಯ ಪ್ರಕಾರ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾದದ್ದು 1920ರಲ್ಲಿ, ಎಂದರೆ ಸೈಕಲ್ ಅಂಗಡಿ ಆರಂಭವಾಗಿ 32 ವರ್ಷಗಳಾದ ಮೇಲೆ. ನನಗೆ ಈ ಸಂಗತಿ ಬಹು ಮಹತ್ವದ್ದೆನಿಸುತ್ತದೆ. ಅಲ್ಲಿಯವರೆಗೆ ಉದ್ಯಮ ನಿಂತದ್ದು ಮನೆತನದ ದುಡಿಮೆ ಮತ್ತು ಮಾತಿನ ನಂಬಿಕೆಯ ಮೇಲೆ. ನೋಂದಣಿಯಾದ ಮೇಲೆ ಗುರುತಿಲ್ಲದವನೂ ಷೇರು ಕೊಂಡು ಪಾಲುದಾರನಾಗಬಲ್ಲ. ಒಬ್ಬರು ತೀರಿಕೊಂಡರೂ ಕಂಪನಿ ಉಳಿಯಬಲ್ಲದು. ನಷ್ಟವಾದರೆ ಷೇರುದಾರ ಹಾಕಿದ ಹಣ ಹೋದೀತೇ ಹೊರತು ಅವನ ಮನೆ-ಹೊಲ ಹೋಗದು. ಕಾಗದ ಉದ್ಯಮವನ್ನು ಹುಟ್ಟಿಸುವುದಿಲ್ಲ, ಆದರೆ ಹುಟ್ಟಿದ್ದನ್ನು ಉಳಿಸಿ ಬೆಳೆಸುತ್ತದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಾರ್ಖಾನೆ, ಅದೇ ವರ್ಷ ಪುಣೆಯಲ್ಲಿ ಎಣ್ಣೆ ಎಂಜಿನ್ನುಗಳ ಕಾರ್ಖಾನೆ, ಹೀಗೆ ಆ ಬೀಜ ಟಿಸಿಲೊಡೆಯಿತು. ಹರಿಹರದ ಕಾರ್ಖಾನೆ ಮುಂದೆ ಮುಚ್ಚಿಹೋದದ್ದು ವಿಷಾದದ ಸಂಗತಿ. ಲಕ್ಷ್ಮಣರಾಯರು 1956ರ ಸಪ್ಟೆಂಬರ್ 26ರಂದು ಕಾಲವಾದರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತ ಸರಕಾರ ಅವರ ಅಂಚೆಚೀಟಿಯನ್ನು ಹೊರತಂದಿತು.

ಇಂದು ಸಣ್ಣ ಉದ್ಯಮವನ್ನು ನೋಂದಾಯಿಸುವುದು ಕಷ್ಟವೇನಲ್ಲ. 2020ರ ಜುಲೈ 1ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ನಿಪ್ಪಾಣಿಯ ತಂಬಾಕು, ಅಥಣಿಯ ಚರ್ಮದ ಚಪ್ಪಲಿ, ರಾಯಬಾಗ-ಕಾಗವಾಡಗಳ ಕಬ್ಬು, ಕಸುಬಿಗೆ ನಮ್ಮಲ್ಲಿ ಕೊರತೆಯಿಲ್ಲ. ಅಥಣಿಯ ಕೈಗಳು ಹೊಲಿದ ಚಪ್ಪಲಿ ಕೊಲ್ಹಾಪುರದ ಹೆಸರಿನಲ್ಲಿ ಮಾರಾಟವಾಗುತ್ತದೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿಯನ್ನು ಒಳಗೊಂಡು ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು. ಹಕ್ಕಿನ ಕಾಗದ ಸಿಕ್ಕಿತು. ಅದನ್ನು ಹಿಡಿದು ಮುಂದೆ ನಡೆಯುವ ಜನ ಬೇಕು.

ಬೆಳಗಾವಿ ಜಿಲ್ಲೆ ಒಬ್ಬ ಲಕ್ಷ್ಮಣರಾಯರನ್ನು ಹಡೆಯಿತು, ಆದರೆ ಅವರಿಗೆ ನಿಲ್ಲಲು ನೆಲ ಕೊಡಲಾರದೆ ಹೋಯಿತು. ಕಲಿತ ತರುಣನೊಬ್ಬ ಅಂಗಡಿಯನ್ನೋ ಕಾರ್ಖಾನೆಯನ್ನೋ ತೆರೆಯಹೊರಟಾಗ ಅವನನ್ನು ನಕ್ಕು ಹಿಂದೆಗೆಸದೆ, ಔಂಧದ ಅರಸರಂತೆ ಒಂದಿಷ್ಟು ನೆಲೆ ಕೊಡುವವರು ನಮ್ಮಲ್ಲಿ ಹೆಚ್ಚಬೇಕು. ಮುಂದಿನ ಕಿರ್ಲೋಸ್ಕರರು ನಮ್ಮ ತಾಲೂಕುಗಳನ್ನು ಬಿಟ್ಟುಹೋಗುವ ಪ್ರಸಂಗ ಬಾರದಿರಲಿ.