ನಮ್ಮ ಟೋಸ್ಟಿನೊಳಗಿನ ಸುಬ್ಬರಾವ್

ಹೋದ ವರ್ಷ ಜುಲೈ. ವಿಂಡಮ್ ವೇಲ್‌ನಲ್ಲಿ ನಾವು ನಾಲ್ಕು ಜನ ಹಂಚಿಕೊಂಡಿರೋ ಬಾಡಿಗೆ ಮನೆ. ಬೆಳಿಗ್ಗೆ ಕತ್ತಲಲ್ಲೇ ಸದರ್ನ್ ಕ್ರಾಸ್ ರೈಲು ಹಿಡಿಯೋದು, ಕತ್ತಲಾದ ಮೇಲೆ ವಾಪಸ್ ಬರೋದು. ನಮ್ಮಲ್ಲೊಬ್ಬನಿಗೆ ಅಂಗಾಲು ಜೋಮು ಹಿಡಿಯೋಕೆ ಶುರುವಾಯ್ತು. ಚಳಿಗೆ ಇರಬೇಕು ಅಂದ್ವಿ. ಆಮೇಲೆ ಸುಸ್ತು. ರಕ್ತ ಕಡಿಮೆಯಾಗಿರಬೇಕು ಅಂತ ಊರಿಂದ ಬಂದಿದ್ದ ಫೋಲಿಕ್ ಆಸಿಡ್ ಮಾತ್ರೆ ನುಂಗ್ತಾ ಹೋದ. ಸುಸ್ತೇನೋ ಸ್ವಲ್ಪ ಇಳೀತು, ಜೋಮು ಮಾತ್ರ ಕಣಕಾಲಿನವರೆಗೂ ಏರಿತು. ಕೊನೆಗೆ ಜಿಪಿ ರಕ್ತಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ ಕಡಿಮೆ, ಬಿ12 ತೀರಾ ತಳದಲ್ಲಿ. ಡಿ ಇಳಿಯೋದಕ್ಕೆ ಮೆಲ್ಬರ್ನಿನ ಚಳಿಗಾಲದ ಬಿಸಿಲು ಮತ್ತು ನಮ್ಮ ಮೈಬಣ್ಣ ಕಾರಣ. ಬಿ12ಕ್ಕೆ ನಮ್ಮ ಅನ್ನ-ಸಾರು.

ಆ ಮಾತ್ರೆ ಡಬ್ಬಿ ನೋಡಿದಾಗ ನೆನಪಾದವರು ಯೆಲ್ಲಾಪ್ರಗಡ ಸುಬ್ಬರಾವ್. ಕನ್ನಡದವರಲ್ಲ, ಪಕ್ಕದ ಮನೆಯ ತೆಲುಗರು. ಆದರೆ ಅವರೂ ಒಂದು ಕಾಲಕ್ಕೆ ನಮ್ಮ ಹಾಗೇ ಪರದೇಶದ ಬಡ ವಿದ್ಯಾರ್ಥಿ.

ಹುಟ್ಟಿದ್ದು 1895ರ ಜನವರಿ 12, ಭೀಮಾವರಂನಲ್ಲಿ. ಓದಿನಲ್ಲಿ ಅಂಥ ಜಾಣರೇನಲ್ಲ. ಹುಡುಗನಾಗಿದ್ದಾಗ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡ್ತೀನಿ ಅಂತ ಮನೆ ಬಿಟ್ಟು ಓಡಿದ್ದರು, ಹಿಡಿದು ತಂದರು. ಮೆಟ್ರಿಕ್ ದಾಟಿದ್ದು ಮೂರನೇ ಸಲಕ್ಕೆ. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ಗೌನು ತೊಟ್ಟು ಶಸ್ತ್ರಚಿಕಿತ್ಸೆಗೆ ನಿಂತರು. ಇಂಗ್ಲಿಷ್ ಪ್ರೊಫೆಸರರಿಗೆ ಅದು ಹಿಡಿಸಲಿಲ್ಲ. ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಕೈಗೆ ಬಂತು.

ಅಷ್ಟರಲ್ಲಿ ಮನೆಯಲ್ಲಿ ಸಾವು. ಸ್ಪ್ರೂ ಅನ್ನೋ ರೋಗಕ್ಕೆ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಹೋದರು. ಕರುಳು ಅನ್ನವನ್ನು ಹೀರಿಕೊಳ್ಳದೆ, ರಕ್ತ ಕ್ಷೀಣಿಸಿ, ಮನುಷ್ಯ ಒಣಗಿಹೋಗುವ ಕಾಯಿಲೆ ಅದು. ಸುಬ್ಬರಾಯರಿಗೂ ತಗುಲಿತು; ಆಯುರ್ವೇದದ ವೈದ್ಯರಾದ ಆಚಂಟ ಲಕ್ಷ್ಮೀಪತಿಯವರ ಔಷಧದಿಂದ ಬದುಕಿದರು. ಈ ರೋಗದ ಬುಡ ಹುಡುಕಬೇಕು ಅನ್ನೋ ಹಟ ಹುಟ್ಟಿದ್ದು ಅಲ್ಲೇ ಇರಬೇಕು.

ಮಾವನ ದುಡ್ಡು, ಒಂದು ದತ್ತಿಯ ನೆರವು ಸೇರಿಸಿಕೊಂಡು 1923ರ ಅಕ್ಟೋಬರ್‌ನಲ್ಲಿ ಬಾಸ್ಟನ್ ತಲುಪಿದರು. ಹಾರ್ವರ್ಡಿನಲ್ಲಿ ಸೀಟು ಇತ್ತು, ಜೇಬಲ್ಲಿ ಕಾಸಿರಲಿಲ್ಲ. ಡಾಕ್ಟರಾಗಿದ್ದವರು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. (ರಾತ್ರಿ ವೇರ್‌ಹೌಸ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಟ್ಯುಟೋರಿಯಲ್‌ನಲ್ಲಿ ತೂಕಡಿಸೋರು ಇದನ್ನ ಇನ್ನೊಂದ್ಸಲ ಓದಿ.) ಹೆಂಡತಿ ಶೇಷಗಿರಿ ಊರಲ್ಲೇ ಉಳಿದರು. ಇವರು ಹೊರಟ ಮೇಲೆ ಹುಟ್ಟಿದ ಗಂಡುಮಗು ಎಳವೆಯಲ್ಲೇ ತೀರಿಕೊಂಡಿತು. ಸುಬ್ಬರಾವ್ ಮತ್ತೆ ಭಾರತಕ್ಕೆ ಬರಲೇ ಇಲ್ಲ. ಎಷ್ಟೇ ದೊಡ್ಡ ವಿಜ್ಞಾನಿ ಅಂದರೂ ಈ ಒಂದು ವಿಷಯದಲ್ಲಿ ನನಗೆ ಅವರ ಮೇಲೆ ಬೇಜಾರಿದೆ.

ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ ರಕ್ತ, ಮೂತ್ರದಲ್ಲಿನ ರಂಜಕವನ್ನು ಅಳೆಯುವ ವಿಧಾನ ರೂಪಿಸಿದರು. ಬಯೋಕೆಮಿಸ್ಟ್ರಿ ಓದುವವರಿಗೆ ಫಿಸ್ಕ್-ಸುಬ್ಬರಾವ್ ಹೆಸರು ಗೊತ್ತು. ಸ್ನಾಯುಗಳಿಗೆ ಶಕ್ತಿ ಒದಗಿಸುವ ಎಟಿಪಿಯನ್ನೂ ಬೇರ್ಪಡಿಸಿದರು. ಇಷ್ಟಾದರೂ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿ ಸೇರಿದರು.

ಬೇಕಾದ ಸುಳಿವು ಅಷ್ಟೊತ್ತಿಗಾಗಲೇ ನಮ್ಮ ದೇಶದಲ್ಲೇ ಸಿಕ್ಕಿತ್ತು. ಮುಂಬಯಿಯ ಗಿರಣಿ ಕಾರ್ಮಿಕ ಬಸುರಿಯರ ರಕ್ತಹೀನತೆ ಮಾರ್ಮೈಟ್ ತಿನ್ನಿಸಿದರೆ ವಾಸಿಯಾಗುತ್ತೆ ಅಂತ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1930ರ ಸುಮಾರಿಗೆ ತೋರಿಸಿದ್ದರು. ಮಾರ್ಮೈಟ್ ಅಂದರೆ ನಮ್ಮ ವೆಜಿಮೈಟ್‌ನ ದಾಯಾದಿ. ಅದರೊಳಗಿನ ಗುಣಕಾರಿ ವಸ್ತುವೇ ಸೊಪ್ಪಿನಲ್ಲೂ ಇರುವ ಫೋಲಿಕ್ ಆಸಿಡ್. ಸುಬ್ಬರಾವ್ ಮುನ್ನಡೆಸುತ್ತಿದ್ದ ತಂಡ ಅದನ್ನು 1945ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿತು. ಸ್ಪ್ರೂ ರೋಗಿಗಳು ಎದ್ದು ಕೂತರು. ಒಡಹುಟ್ಟಿದವರು ಸತ್ತು ಇಪ್ಪತ್ತು ವರ್ಷದ ಮೇಲಾಗಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಪರ್ನಿಷಿಯಸ್ ಅನೀಮಿಯಾ ಎಂಬ ಇನ್ನೊಂದು ಬಗೆಯ ರಕ್ತಹೀನತೆಗೂ ವೈದ್ಯರು ಇದೇ ಮಾತ್ರೆ ಕೊಟ್ಟರು. ರಕ್ತವೇನೋ ತುಂಬಿಕೊಂಡಿತು, ಆದರೆ ನರಗಳು ಹಾಳಾಗುತ್ತಲೇ ಹೋದವು: ಜೋಮು, ತೂಗಾಡುವ ನಡಿಗೆ, ಬೆನ್ನುಹುರಿಗೆ ಪೆಟ್ಟು. ನಿಜವಾದ ಕೊರತೆ ಬಿ12ನದು. ನರದ ಮೇಲಿನ ಹೊದಿಕೆ ಕಾಯೋದು ಅದು. ಫೋಲಿಕ್ ಆಸಿಡ್ ರಕ್ತದ ಲಕ್ಷಣಗಳನ್ನು ಮುಚ್ಚಿಹಾಕುತ್ತದೆ, ಒಳಗೆ ನರ ಸವೆಯುತ್ತಿರುತ್ತದೆ. ನಮ್ಮ ಗೆಳೆಯನಿಗೆ ಆಗಿದ್ದೂ ಅದೇ. ಸೊಪ್ಪು, ಬೇಳೆ, ಅಕ್ಕಿಯಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆಯಲ್ಲಿದೆ. ಇಲ್ಲಿಗೆ ಬಂದಮೇಲೆ ಮೊಸರನ್ನೂ ಬಿಟ್ಟು ನೂಡಲ್ಸ್‌ಗೆ ಬಿದ್ದ ಸಸ್ಯಾಹಾರಿಗಳು ಫೋಲಿಕ್ ಆಸಿಡ್ ನುಂಗುವ ಮೊದಲು ಬಿ12 ನೋಡಿಸಿಕೊಳ್ಳಿ.

ಆ ಬಿ12 ಬೇರ್ಪಟ್ಟಿದ್ದು 1948ರಲ್ಲಿ, ಅಮೆರಿಕದ ಮರ್ಕ್ ಮತ್ತು ಇಂಗ್ಲೆಂಡಿನ ಗ್ಲಾಕ್ಸೊ ಕಂಪನಿಗಳಲ್ಲಿ. ಅದೇ ವರ್ಷ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್, ಸುಬ್ಬರಾವ್ ತಂಡ ಕಳಿಸಿದ ಅಮಿನೊಪ್ಟೆರಿನ್‌ನಿಂದ ರಕ್ತದ ಕ್ಯಾನ್ಸರ್ ಇದ್ದ ಕೆಲವು ಮಕ್ಕಳನ್ನು ಸ್ವಲ್ಪ ಕಾಲವಾದರೂ ಚೇತರಿಸಿಕೊಳ್ಳುವಂತೆ ಮಾಡಿದ್ದರು. ಅದು ಫೋಲಿಕ್ ಆಸಿಡ್‌ಗೆ ಅಡ್ಡಗಾಲು ಹಾಕಲೆಂದೇ ತಯಾರಿಸಿದ ಔಷಧ. ಆನೆಕಾಲು ರೋಗಕ್ಕೆ ನಮ್ಮೂರುಗಳಲ್ಲಿ ಕೊಡುವ ಡಿಇಸಿ ಮಾತ್ರೆಯೂ ಇದೇ ಪ್ರಯೋಗಾಲಯದ್ದು. ಆಗಸ್ಟಿನ ಒಂದು ರಾತ್ರಿ ಮಲಗಿದ ಸುಬ್ಬರಾವ್ ಮತ್ತೆ ಏಳಲಿಲ್ಲ. ವಯಸ್ಸು 53.

ಈ ದೇಶದಲ್ಲಿ 2009ರಿಂದ ಬ್ರೆಡ್ಡಿನ ಗೋಧಿಹಿಟ್ಟಿಗೆ ಫೋಲಿಕ್ ಆಸಿಡ್ ಬೆರೆಸಲೇಬೇಕು, ಆರ್ಗ್ಯಾನಿಕ್ ಹಿಟ್ಟೊಂದನ್ನು ಬಿಟ್ಟು. ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿ, ಮಿದುಳು ಸರಿಯಾಗಿ ಕೂಡಿಕೊಳ್ಳಲಿ ಅಂತ. ನರವನ್ನು ಕಾಯೋದೂ ಅದೇ, ನರದ ಕಾಯಿಲೆಯನ್ನು ಮರೆಮಾಚೋದೂ ಅದೇ. ನಮ್ಮ ಗೆಳೆಯ ಈಗಲೂ ಬೆಳಿಗ್ಗೆ ಎರಡು ಟೋಸ್ಟ್ ತಿಂದೇ ರೈಲು ಹಿಡೀತಾನೆ. ಬಿ12 ಇಂಜೆಕ್ಷನ್ ನಡೀತಿದೆ, ಜೊತೆಗೆ ಡಿ ಮಾತ್ರೆ. ಎಡಗಾಲು ಸರಿಹೋಗಿದೆ. ಬಲಗಾಲಿನ ಹೆಬ್ಬೆರಳಲ್ಲಿ ಜೋಮು ಇನ್ನೂ ಸ್ವಲ್ಪ ಉಳಿದಿದೆಯಂತೆ.