ಸಮುದ್ರ ಯಾಕೆ ನೀಲಿ ಎಂದು ಹೇಳಿದ್ದಕ್ಕೆ ರಾಮನ್‌ಗೆ ನೊಬೆಲ್ ಬಂತೇ? ವಿಮಾನ ದುರಸ್ತಿಗೂ ಅದಕ್ಕೂ ಏನು ಸಂಬಂಧ?

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಹರಿದಾಡುತ್ತದೆ. ಸಮುದ್ರ ನೀಲಿಯಾಗಿ ಕಾಣುವ ಕಾರಣ ಹೇಳಿದ್ದಕ್ಕೆ ಸರ್ ಸಿ.ವಿ. ರಾಮನ್ ಅವರಿಗೆ ನೊಬೆಲ್ ಬಂತು, ಅದೇ ರಾಮನ್ ಪರಿಣಾಮ ಎಂಬುದು ಅದರ ಸಾರ. ಇದು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು ನೋಡೋಣ.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ರಾಮನ್, 1907ರಲ್ಲಿ ಕಲ್ಕತ್ತದಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಕೆಲಸಕ್ಕೆ ಸೇರಿದರು. ಕಚೇರಿಗೆ ಮುಂಚೆ ಮತ್ತು ಕಚೇರಿ ಮುಗಿದ ಮೇಲೆ ಪ್ರಯೋಗಾಲಯವೇ ಅವರ ಮನೆ. ಆಗ ಅವರ ಆಸಕ್ತಿ ನಾದದ ಮೇಲೆ. ಮೃದಂಗ, ತಬಲಾಗಳ ಚರ್ಮದ ಮೇಲಿನ ಕಪ್ಪು ಕರಣೆ ಅವುಗಳ ನಾದವನ್ನು ಹೇಗೆ ಇಂಪಾಗಿಸುತ್ತದೆ ಎಂದು ತೋರಿಸಿದರು. 1917ರಲ್ಲಿ ಹೆಚ್ಚು ಸಂಬಳದ ನೌಕರಿ ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1921ರ ಹಡಗು ಪ್ರಯಾಣದಲ್ಲಿ ಕಂಡ ಸಮುದ್ರದ ನೀಲಿ ಅವರನ್ನು ಬೆಳಕಿನ ಚದುರುವಿಕೆಯ ಅಧ್ಯಯನಕ್ಕೆ ಎಳೆಯಿತು. ಆದರೆ 1928ರಲ್ಲಿ ಕೆ.ಎಸ್. ಕೃಷ್ಣನ್ ಜತೆ ಅವರು ಕಂಡದ್ದೇ ಬೇರೆ. ವಸ್ತುವಿಗೆ ತಗುಲಿ ಚದುರುವ ಬೆಳಕಿನ ಅತ್ಯಲ್ಪ ಭಾಗ ತನ್ನ ಬಣ್ಣ ಬದಲಿಸುತ್ತದೆ. ಎಷ್ಟು ಬದಲಾಗುತ್ತದೆ ಎಂಬುದು ಆ ವಸ್ತುವಿನ ಅಣುಗಳು ಕಂಪಿಸುವ ರೀತಿಯನ್ನು ಅವಲಂಬಿಸಿದೆ. ಸಂತೆಯಲ್ಲಿ ಗಡಿಗೆಯನ್ನು ಬೆರಳಿನಿಂದ ಬಡಿದು ಸದ್ದು ಕೇಳುತ್ತೇವಲ್ಲ, ಇದು ಬೆಳಕಿನಿಂದ ಅಣುಗಳನ್ನು ಬಡಿದು ನೋಡಿದಂತೆ. 1930ರ ನೊಬೆಲ್ ಬಂದದ್ದು ಈ ಕೆಲಸಕ್ಕೆ.

ವಿಮಾನದಲ್ಲಿ ಇದರ ಉಪಯೋಗವೇನು? ಎರಡು ಪ್ಲಾಸ್ಟಿಕ್, ಎರಡು ಅಂಟು ಅಥವಾ ಎರಡು ಬಣ್ಣ ನೋಡಲು ಒಂದೇ ಥರ ಇರಬಹುದು. ಆದರೆ ಒಂದು ಶಾಖ ತಡೆದರೆ ಇನ್ನೊಂದು ಬಿರುಕು ಬಿಡಬಹುದು. ತಪ್ಪು ವಸ್ತು ಬಳಸಿದರೆ ಪ್ರಯಾಣಿಕರ ಜೀವಕ್ಕೇ ಅಪಾಯ. ಹೀಗಾಗಿ ಕಣ್ಣಂದಾಜು ಸಾಲದು. ಲೇಸರ್ ಬೆಳಕು ಹಾಯಿಸುವ ರಾಮನ್ ಉಪಕರಣ, ವಸ್ತುವನ್ನು ಕತ್ತರಿಸದೆಯೇ ಅದು ಏನೆಂದು ಗುರುತಿಸುತ್ತದೆ. ಕಾರ್ಬನ್ ನಾರು, ಲೋಹದ ಮೇಲಿನ ತುಕ್ಕು ಕೂಡ ಇದಕ್ಕೆ ಸಿಗುತ್ತವೆ. ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಮಿಶ್ರಲೋಹ ಯಾವುದೆಂದು ತಿಳಿಯಲು ಎಕ್ಸ್-ರೇ ಆಧಾರಿತ ಪರೀಕ್ಷೆ, ಅದರ ಬಲ ತಿಳಿಯಲು ಗಡಸುತನದ ಪರೀಕ್ಷೆ ಬೇಕೇ ಬೇಕು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ರಾಮನ್, ಕೊನೆಯವರೆಗೂ ಇಲ್ಲೇ ಉಳಿದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಅವರ ಜತೆ ವಜ್ರದ ಸಂಶೋಧನೆ ಮಾಡಿದ್ದ ಶಿಷ್ಯ ಪಿ. ನೀಲಕಂಠನ್, 1959ರಲ್ಲಿ ಶುರುವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ರಾಮನ್ 1970ರ ನವೆಂಬರ್ 21ರಂದು ತೀರಿಕೊಂಡರು.

ಮುಂದಿನ ಫೆಬ್ರವರಿಯಲ್ಲಿ ಆ ಸಂದೇಶ ಬಂದರೆ ಒಂದು ಸಾಲು ಸೇರಿಸಿ ಕಳುಹಿಸಿ: ಸಮುದ್ರದ ನೀಲಿ ರಾಮನ್ ಅವರಿಗೆ ದಾರಿ ತೋರಿಸಿತು, ನೊಬೆಲ್ ತಂದದ್ದು ಬಣ್ಣ ಬದಲಿಸುವ ಬೆಳಕು.