ಜಿ. ಕೆ. ವೆಂಕಟೇಶ್

ಜಿ. ಕೆ. ವೆಂಕಟೇಶ್ (1927–1993) ದಕ್ಷಿಣ ಭಾರತದ ಚಲನಚಿತ್ರ ಸಂಗೀತ ನಿರ್ದೇಶಕರು. ಹೈದರಾಬಾದಿನಲ್ಲಿ ಜನಿಸಿದ ಇವರು ಮದರಾಸಿನ ಚಿತ್ರೋದ್ಯಮದಲ್ಲಿ ನೆಲೆಗೊಂಡು, 1950ರ ದಶಕದಿಂದ ಮುಖ್ಯವಾಗಿ ಕನ್ನಡ ಚಿತ್ರಗಳಿಗೆ ಸಂಗೀತ ನೀಡಿದರು.

ರಾಜ್‌ಕುಮಾರ್ ಗಾಯನ

ರಂಗಭೂಮಿಯಲ್ಲಿ ಹಾಡಿ ನಟಿಸುತ್ತಿದ್ದ ರಾಜ್‌ಕುಮಾರ್ ಅವರಿಗೆ ಚಲನಚಿತ್ರಗಳಲ್ಲಿ ಬಹುಕಾಲ ಪಿ. ಬಿ. ಶ್ರೀನಿವಾಸ್ ಕಂಠದಾನ ಮಾಡುತ್ತಿದ್ದರು. ವೆಂಕಟೇಶ್ ಅವರು ‘ಓಹಿಲೇಶ್ವರ’ (1956) ಹಾಗೂ ‘ಮಹಿಷಾಸುರ ಮರ್ದಿನಿ’ (1959) ಚಿತ್ರಗಳಲ್ಲಿ ರಾಜ್‌ಕುಮಾರ್ ಅವರಿಂದಲೇ ಹಾಡಿಸಿದರೂ ಆ ಕ್ರಮ ಮುಂದುವರಿಯಲಿಲ್ಲ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ, ನಾಯಕನು ಎಮ್ಮೆಯ ಮೇಲೆ ಕುಳಿತು ಹಾಡುವ ಗೀತೆಯನ್ನು ಮತ್ತೆ ಅವರಿಂದ ಹಾಡಿಸಿದರು. ಆ ಗೀತೆ ಅಪಾರ ಜನಪ್ರಿಯತೆ ಗಳಿಸಿತು. ಅನಂತರ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡುವುದು ರೂಢಿಯಾಯಿತು. ಮುಂದೆ ‘ಜೀವನ ಚೈತ್ರ’ ಚಿತ್ರದ ಗಾಯನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು.

ಶಾಸ್ತ್ರೀಯ ಸಂಗೀತದ ಬಳಕೆ

ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ ‘ಸಂಧ್ಯಾರಾಗ’ (1966) ಚಿತ್ರದಲ್ಲಿ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಹಾಡಿದರು. ಶಹನಾಯಿ ವಾದಕನ ಕಥೆಯಾದ ‘ಸನಾದಿ ಅಪ್ಪಣ್ಣ’ (1977) ಚಿತ್ರಕ್ಕೆ ಬಿಸ್ಮಿಲ್ಲಾ ಖಾನ್ ಶಹನಾಯಿ ನುಡಿಸಿದರು. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ‘ಮಯೂರ’ ಇವರ ಇತರ ಪ್ರಸಿದ್ಧ ಚಿತ್ರಗಳು.

ಪ್ರಭಾವ

1970ರ ದಶಕದಲ್ಲಿ ಇಳಯರಾಜ ಇವರ ಸಹಾಯಕರಾಗಿ ವಾದ್ಯಸಂಯೋಜನೆಯ ಅನುಭವ ಪಡೆದು, 1976ರಲ್ಲಿ ‘ಅನ್ನಕ್ಕಿಳಿ’ ಎಂಬ ತಮಿಳು ಚಿತ್ರದ ಮೂಲಕ ಸ್ವತಂತ್ರ ಸಂಗೀತ ನಿರ್ದೇಶಕರಾದರು.